ಆರ್‌ವಿ ಪ್ರವಾಸಕ್ಕೆ ಗ್ರಿಲ್ಲೋ ಗ್ರಿಡಲ್ಲೋ? ಮೊದಲು ಗ್ಯಾಸ್ ಬರುವ ದಾರಿ ನೋಡಿ

ಪ್ರಶ್ನೆ: ಸರ್, ನಾವು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇವೆ. ಹೋದ ತಿಂಗಳು 24 ಅಡಿಯ ಹಳೇ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ) ಒಂದನ್ನು ಕೊಂಡೆವು. ಜೂನ್‌ನಲ್ಲಿ ಮೈಸೂರಿನಿಂದ ಅತ್ತೆ-ಮಾವ ಬರುತ್ತಾರೆ. ಅವರನ್ನೂ ನಮ್ಮ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕೊಲೊರಾಡೊ ಮೇಲೆ ಯೆಲ್ಲೋಸ್ಟೋನ್‌ಗೆ ಹೋಗುವ ಯೋಚನೆ. ಹೊರಗೆ ಅಡುಗೆ ಮಾಡಲು ಪ್ರೊಪೇನ್ ಗ್ಯಾಸಿನ ಕಂಬಿ ಗ್ರಿಲ್ ತಗೊಳ್ಳಬೇಕೋ, ಕಾವಲಿಯಂಥ ಚಪ್ಪಟೆ ಗ್ರಿಡಲ್ ತಗೊಳ್ಳಬೇಕೋ ಗೊತ್ತಾಗುತ್ತಿಲ್ಲ. ನಮ್ಮ ಮನೆಯವರಿಗೆ ಚಿಕನ್ ಸುಡುವ ಆಸೆ. ಅತ್ತೆ ಮಾಂಸ ಬೆಂದ ಕಾವಲಿಯ ಮೇಲೆ ಮಾಡಿದ್ದನ್ನು ಮುಟ್ಟುವುದಿಲ್ಲ. ಟ್ರೇಲರ್ ಪಕ್ಕದಲ್ಲಿ ಗ್ಯಾಸ್ ಪೈಪ್ ಸಿಕ್ಕಿಸುವ ಜಾಗ ಒಂದಿದೆ. "ಯಾವ ಗ್ರಿಲ್ ಬೇಕಾದರೂ ಸಿಕ್ಕಿಸಿ, ಉರಿಯುತ್ತೆ" ಅಂತ ಮಾರಿದವರು ಹೇಳಿದರು. ನಿಜವಾ? ಇನ್ನೊಂದು, ದೋಸೆ ಹಿಟ್ಟನ್ನು ಅಷ್ಟು ದೂರ ಒಯ್ಯುವುದು ಹೇಗೆ?

ಉತ್ತರ: ಮಾರಿದವರ ಮಾತಿನಿಂದಲೇ ಶುರು ಮಾಡುತ್ತೇನೆ. ಅದೇ ಮಾತು ನಂಬಿ ನಾನೂ ಒಂದು ಬೆಳಗ್ಗೆ ಕೆಟ್ಟಿದ್ದೇನೆ.

ಕೊಲೊರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲಿ ನಡೆದದ್ದು. ಹೊಸ ಗ್ರಿಡಲ್, ಹೊಸ ಪೈಪ್. ಟ್ರೇಲರ್‌ನ ಪಕ್ಕದ ಜೋಡಣೆಗೆ ಟಕ್ ಅಂತ ಸಿಕ್ಕಿಸಿದೆ. ಬರ್ನರ್ ಹೊತ್ತಿಕೊಂಡಿತು. ಆದರೆ ಉರಿ ದೇವರ ಮುಂದಿನ ನಂದಾದೀಪದಷ್ಟೇ. ನಾಬ್ ಪೂರ್ತಿ ತಿರುಗಿಸಿದರೂ ಅಷ್ಟೇ. ನಲವತ್ತು ನಿಮಿಷ ಕಾದರೂ ಕಾವಲಿಯ ಮೇಲೆ ಕೈ ಇಡಬಹುದಿತ್ತು. ಗಾಳಿ ಬೇರೆ. ಮೊದಲ ದೋಸೆ ಹುಯ್ದಾಗ 'ಚುಯ್' ಅನ್ನಲಿಲ್ಲ. ಹಿಟ್ಟು ಸುಮ್ನೆ ಕೂತಿತು, ಅದರ ಮೇಲೆ ಮರಳು ಬಂದು ಕೂತಿತು. ಕೊನೆಗೆ ಎಲ್ಲರೂ ಬ್ರೆಡ್ಡು-ಜಾಮ್ ತಿಂದೆವು.

ಗ್ರಿಡಲ್ ಕೆಟ್ಟಿರಲಿಲ್ಲ, ಗ್ಯಾಸ್ ಮುಗಿದಿರಲಿಲ್ಲ. ಆದದ್ದು ಇಷ್ಟು. ಸಿಲಿಂಡರ್ ಒಳಗೆ ಪ್ರೊಪೇನ್‌ನ ಒತ್ತಡ ತುಂಬಾ ಜಾಸ್ತಿ, 70 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಸುಮಾರು 110 ಪಿಎಸ್‌ಐ (ಚದರ ಇಂಚಿಗೆ ಎಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ). ಟ್ರೇಲರ್ ಮೂತಿಯ ಹತ್ತಿರ ಎರಡು ಸಿಲಿಂಡರ್ ನಡುವೆ ಒಂದು ರೆಗ್ಯುಲೇಟರ್ ಇರುತ್ತದೆ, ನೋಡಿರುತ್ತೀರಿ. ಅದು ಈ ಒತ್ತಡವನ್ನು ಅರ್ಧ ಪಿಎಸ್‌ಐಗಿಂತಲೂ ಕೆಳಕ್ಕೆ ಇಳಿಸುತ್ತದೆ. ಗ್ಯಾಸ್ ಕೆಲಸದವರು ಇದನ್ನು ನೀರಿನ ಕಂಬದ ಲೆಕ್ಕದಲ್ಲಿ '11 ಇಂಚು' ಅನ್ನುತ್ತಾರೆ. ಒಳಗಿನ ಒಲೆ, ಫ್ರಿಜ್, ಹೀಟರ್ ಎಲ್ಲಕ್ಕೂ ಇದೇ ಒತ್ತಡ ಸಾಕು. ಪಕ್ಕದ ಜೋಡಣೆಗೆ ಬರುವುದೂ ಸಾಮಾನ್ಯವಾಗಿ ಇದೇ ಇಳಿದ ಗ್ಯಾಸ್.

ಈಗ ಅಂಗಡಿಯಲ್ಲಿ ಸಿಗುವ ಪೋರ್ಟಬಲ್ ಗ್ರಿಲ್ ನೋಡಿ. ಅದು ಒಂದು ಪೌಂಡಿನ ಚಿಕ್ಕ ಹಸಿರು ಸಿಲಿಂಡರ್‌ಗೆ ಅಂತ ಮಾಡಿದ್ದು. ಹಾಗಾಗಿ ಅದರಲ್ಲೂ ಒಂದು ಪುಟ್ಟ ರೆಗ್ಯುಲೇಟರ್ ಇರುತ್ತದೆ. ಒಮ್ಮೆ ಇಳಿದು ಬಂದ ಗ್ಯಾಸ್ ಅನ್ನು ಇದು ಮತ್ತೆ ಇಳಿಸಲು ಹೋಗುತ್ತದೆ. ಎರಡು ಕಡೆ ಸೋಸಿದ ಕಾಫಿಯ ಹಾಗೆ, ಕೊನೆಗೆ ಬಣ್ಣ ಮಾತ್ರ ಉಳಿಯುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ಒಂದು ತೀರ್ಮಾನ ಮಾಡಿ. ಗ್ಯಾಸ್ ಎಲ್ಲಿಂದ ಬರಬೇಕು? ಬ್ರ್ಯಾಂಡು, ಬಿಟಿಯು (ಶಾಖದ ಅಳತೆ), ಬಣ್ಣ ಎಲ್ಲ ಆಮೇಲೆ. ದಾರಿ ಮೂರು.

ಒಂದು, ಚಿಕ್ಕ ಹಸಿರು ಸಿಲಿಂಡರ್. ತಿರುಗಿಸಿ ಸಿಕ್ಕಿಸಿದರೆ ಮುಗಿಯಿತು. ಆದರೆ ಲೆಕ್ಕ ಹಾಕಿ ನೋಡಿ. ಒಂದು ಪೌಂಡ್ ಪ್ರೊಪೇನ್‌ನಲ್ಲಿ ಸುಮಾರು 21,500 ಬಿಟಿಯು ಶಾಖ ಇದೆ. ಎರಡು ಬರ್ನರಿನ 22 ಇಂಚಿನ ಬ್ಲಾಕ್‌ಸ್ಟೋನ್ ಕಂಪನಿಯ ಗ್ರಿಡಲ್ ಪೂರ್ತಿ ಉರಿಯಲ್ಲಿ ಗಂಟೆಗೆ 24,000 ಬಿಟಿಯು ಕುಡಿಯುತ್ತದೆ. ಅಂದರೆ ಒಂದು ಗಂಟೆ ತುಂಬುವ ಮೊದಲೇ ಸಿಲಿಂಡರ್ ಖಾಲಿ. ಮಧ್ಯಮ ಉರಿಯಲ್ಲಿ ಎರಡು ಬೆಳಗ್ಗೆ ಎಳೆಯಬಹುದು. ಚಳಿಯಲ್ಲಿ ಇನ್ನೊಂದು ತಾಪತ್ರಯ. ಗ್ಯಾಸ್ ಹೊರಬರುವಾಗ ಸಿಲಿಂಡರ್‌ನ ಶಾಖವನ್ನು ತಾನೇ ಎಳೆದುಕೊಳ್ಳುತ್ತದೆ. ಚಿಕ್ಕ ಸಿಲಿಂಡರ್ ಬೇಗ ತಣ್ಣಗಾಗಿ ಮೈಮೇಲೆ ಬಿಳಿ ಹಿಮ ಕಟ್ಟುತ್ತದೆ, ಉರಿ ಸೋಲುತ್ತದೆ. ಅರ್ಧ ಗ್ಯಾಸ್ ಉಳಿದಿದ್ದರೂ ಖಾಲಿಯಾಯಿತು ಅಂತ ಎಸೆಯುವವರನ್ನು ಕಂಡಿದ್ದೇನೆ.

ಆ ಖಾಲಿ ಸಿಲಿಂಡರ್‌ಗೆ ಮನೆಯಲ್ಲೇ ಗ್ಯಾಸ್ ತುಂಬುವ ವಿಡಿಯೋ ಬೇಕಾದಷ್ಟಿವೆ. ಮಾಡಬೇಡಿ. ಅವು ಒಂದೇ ಬಾರಿಗೆ ಅಂತ ಮಾಡಿದವು. ಹಾಗೆ ತುಂಬಿದ್ದನ್ನು ರಸ್ತೆಯಲ್ಲಿ ಸಾಗಿಸುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ದೊಡ್ಡ ಅಪರಾಧ, ಆ ಎಚ್ಚರಿಕೆ ಸಿಲಿಂಡರ್ ಮೈಮೇಲೇ ಅಚ್ಚಾಗಿರುತ್ತದೆ. ಮತ್ತೆ ತುಂಬಿಸಲೆಂದೇ ಮಾಡಿದ ಒಂದು ಪೌಂಡಿನವು ಬೇರೆ ಸಿಗುತ್ತವೆ. ಕ್ಯಾಲಿಫೋರ್ನಿಯಾ 2022ರಲ್ಲೇ ಕಾನೂನು ಮಾಡಿದೆ. 2028ರ ಜನವರಿಯಿಂದ ಅಲ್ಲಿ ಬಿಸಾಡುವ ಬಗೆಯದನ್ನು ಮಾರುವಂತಿಲ್ಲ.

ಎರಡನೇ ದಾರಿ, ಟ್ರೇಲರ್ ಪಕ್ಕದ ಜೋಡಣೆ. ಇದಕ್ಕೆ ಗ್ರಿಲ್‌ನ ರೆಗ್ಯುಲೇಟರ್ ಬಿಚ್ಚಿ, ಆ ಜಾಗಕ್ಕೆ ಸರಿಯಾದ ಅಡಾಪ್ಟರ್ ಹಾಕಬೇಕು. ಬ್ಲಾಕ್‌ಸ್ಟೋನ್‌ನ ಟೇಬಲ್ ಮೇಲಿಡುವ ಗ್ರಿಡಲ್‌ಗಳಿಗೆ ಇದಕ್ಕೆಂದೇ ಮೊಣಕೈ ಆಕಾರದ ಅಡಾಪ್ಟರ್ ಮಾರುತ್ತಾರೆ. ಎಲ್ಲ ಗ್ರಿಲ್‌ಗಳೂ ಇದಕ್ಕೆ ಒಗ್ಗುವುದಿಲ್ಲ. ಕೆಲವು 11 ಇಂಚಿನಲ್ಲಿ ಚೆನ್ನಾಗಿ ಉರಿಯುತ್ತವೆ, ಕೆಲವು ಅದಕ್ಕಿಂತ ಜಾಸ್ತಿ ಒತ್ತಡ ಕೇಳುತ್ತವೆ. ಎಷ್ಟು ಬೇಕು ಅಂತ ಗ್ರಿಲ್‌ನ ಕೆಳಗೋ ಹಿಂದೋ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಓದಿ ಕೊಳ್ಳಿ.

ಇಲ್ಲಿ ಒಂದು ಅಪಾಯ ಇದೆ, ಇದನ್ನು ಮಾತ್ರ ಮನೆಯವರಿಗೂ ಓದಿ ಹೇಳಿ. ರೆಗ್ಯುಲೇಟರ್ ಬಿಚ್ಚಿದ ಗ್ರಿಡಲ್ ಅನ್ನು ಯಾವತ್ತೂ ನೇರವಾಗಿ ಸಿಲಿಂಡರ್‌ಗೆ ಸಿಕ್ಕಿಸಬಾರದು. ಅರ್ಧ ಪಿಎಸ್‌ಐ ಕೂಡ ಬೇಡದ ಬರ್ನರ್‌ಗೆ 110 ಪಿಎಸ್‌ಐ ನುಗ್ಗಿದರೆ ಅದು ಒಲೆಯಾಗಿ ಉಳಿಯುವುದಿಲ್ಲ. ನಾನು ಬಿಚ್ಚಿದ ಗ್ರಿಡಲ್‌ಗೆ ಕೆಂಪು ಟೇಪ್ ಸುತ್ತಿ, 'ಟ್ರೇಲರ್ ಗ್ಯಾಸ್ ಮಾತ್ರ' ಅಂತ ಕನ್ನಡದಲ್ಲೇ ಬರೆದಿದ್ದೇನೆ.

ಮೂರನೆಯದು, ನನಗೆ ಇಷ್ಟವಾದದ್ದು. ಗ್ರಿಲ್‌ನ ರೆಗ್ಯುಲೇಟರ್ ಹಾಗೇ ಇರಲಿ. ಅಡಾಪ್ಟರ್ ಪೈಪ್ ಅಂತ ಸಿಗುತ್ತದೆ. ಅದರ ಒಂದು ತುದಿ 20 ಪೌಂಡಿನ ಸಾಮಾನ್ಯ ಸಿಲಿಂಡರ್‌ಗೆ, ಇನ್ನೊಂದು ತುದಿ ಹಸಿರು ಸಿಲಿಂಡರ್ ಕೂರುವ ಜಾಗಕ್ಕೆ. ಏನೂ ಬಿಚ್ಚಬೇಕಿಲ್ಲ, ವಾರಂಟಿಯ ಚಿಂತೆ ಇಲ್ಲ. ನಿಮ್ಮದು ಟ್ರಾವೆಲ್ ಟ್ರೇಲರ್ ಆದ್ದರಿಂದ ಮೂತಿಯಲ್ಲಿರುವ ಸಿಲಿಂಡರ್‌ಗಳು ಬಿಚ್ಚಲು ಬರುತ್ತವೆ. ಎರಡರಲ್ಲಿ ಒಂದನ್ನು ಬಳಸಬಹುದು. ತಾನೇ ಓಡುವ ಮೋಟರ್‌ಹೋಮ್ ಆಗಿದ್ದರೆ ಟ್ಯಾಂಕ್ ಗಾಡಿಯ ಹೊಟ್ಟೆಗೇ ಕಚ್ಚಿಸಿರುತ್ತಾರೆ, ಅದು ಹೊರಗೆ ಬರುವುದಿಲ್ಲ. ಬಾಡಿಗೆ ಆರ್‌ವಿ ತಗೊಳ್ಳುವ ನಿಮ್ಮ ಸ್ನೇಹಿತರು ಕೇಳಿದರೆ ಐದು ಪೌಂಡಿನ ಸಣ್ಣ ಸಿಲಿಂಡರ್ ತಗೊಳ್ಳಲು ಹೇಳಿ. ಒಂದು ಕೈಯಲ್ಲಿ ಎತ್ತಬಹುದು, ಮತ್ತೆ ಮತ್ತೆ ತುಂಬಿಸಬಹುದು, ವಾರದ ಪ್ರವಾಸಕ್ಕೆ ಸಾಕು.

ಈ ಪೈಪಿನಲ್ಲಿ ಒಂದು ಪಾಠ ಕಲಿಯಬೇಕು. ಸಿಲಿಂಡರ್‌ನ ವಾಲ್ವ್ ಅನ್ನು ನಿಧಾನವಾಗಿ ತೆರೆಯಿರಿ. ಸರ್ರ್ ಅಂತ ತಿರುಗಿಸಿದರೆ ಜೋಡಣೆಯೊಳಗಿನ ಸುರಕ್ಷಾ ತಡೆ 'ಪೈಪ್ ಒಡೆದಿದೆ' ಅಂದುಕೊಂಡು ಗ್ಯಾಸ್ ಬಿಗಿಹಿಡಿಯುತ್ತದೆ. ಉರಿ ಸಣ್ಣದಾಗಿಯೇ ಉಳಿಯುತ್ತದೆ. ಹಾಗಾದರೆ ಎಲ್ಲ ನಾಬ್ ಮುಚ್ಚಿ, ಸಿಲಿಂಡರ್ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಮೆಲ್ಲಗೆ ತೆರೆಯಿರಿ. 'ಹೊಸ ಗ್ರಿಲ್ ಹಾಳಾಗಿದೆ' ಅಂತ ನನಗೆ ಬರುವ ಫೋನ್‌ಗಳಲ್ಲಿ ಬಹುಪಾಲು ಇದೇ.

ಈಗ ಗ್ರಿಲ್ಲೋ ಗ್ರಿಡಲ್ಲೋ?

ಗ್ರಿಲ್ ಅಂದರೆ ಕಂಬಿಯ ಒಲೆ. ಕೆಳಗಿನ ಉರಿ ನೇರವಾಗಿ ತಿನಿಸಿಗೆ ತಾಗುತ್ತದೆ, ಮುಚ್ಚಳ ಹಾಕಿದರೆ ಓವನ್ ಆಗುತ್ತದೆ. ಜೋಳದ ತೆನೆ, ಬದನೆಕಾಯಿ, ದಪ್ಪಮೆಣಸಿನಕಾಯಿ, ಪನೀರ್, ಚಿಕನ್ ಇವೆಲ್ಲ ಇದರ ಕೆಲಸ. ಮುಚ್ಚಳ ಹಾಕಿ ಸುಟ್ಟ ಬದನೆಕಾಯಿಯ ಗೊಜ್ಜಿಗೆ ಸಮ ಇನ್ನೊಂದಿಲ್ಲ. ಗ್ರಿಡಲ್ ಅಂದರೆ ನಮ್ಮ ದೋಸೆ ಕಾವಲಿಯ ದೊಡ್ಡಣ್ಣ. ಬೆಂಗಳೂರಿನ ದರ್ಶಿನಿಗಳಲ್ಲಿ ಕಾಣುವ ಅದೇ ಚಪ್ಪಟೆ ಕಬ್ಬಿಣ, ಕಾಲು ಮಡಚಿಕೊಂಡು ಟೇಬಲ್ ಹತ್ತಿದೆ ಅಷ್ಟೇ.

'ಗ್ರಿಲ್ ತಗೊಂಡು ಅದರ ಮೇಲೆ ದೋಸೆ ಹೆಂಚು ಇಟ್ಟರೆ ಎರಡೂ ಆಯ್ತಲ್ವಾ?' ಅಂತ ಬಹಳ ಜನ ಕೇಳುತ್ತಾರೆ. ನಾನೂ ಮಾಡಿ ನೋಡಿದ್ದೇನೆ. ವೆಬರ್ ಕ್ಯೂ 1200 ಒಳ್ಳೆಯ ಪುಟ್ಟ ಗ್ರಿಲ್, 8,500 ಬಿಟಿಯು, 189 ಚದರ ಇಂಚು. ಮುಚ್ಚಳ ಮುಚ್ಚಿದರೆ ಅಷ್ಟರಲ್ಲೇ ಚೆನ್ನಾಗಿ ಕಾಯುತ್ತದೆ. ಆದರೆ ದೋಸೆಗೆ ಮುಚ್ಚಳ ತೆರೆದೇ ಇರಬೇಕು. ಅರ್ಧ ಶಾಖ ಆಕಾಶಕ್ಕೆ ಹೋಗುತ್ತದೆ. ದಪ್ಪ ಹೆಂಚು ಕಾಯುವ ಹೊತ್ತಿಗೆ ಮಕ್ಕಳು ಚಿಪ್ಸ್ ಪ್ಯಾಕೆಟ್ ಒಡೆದಿರುತ್ತಾರೆ. ಕಂಬಿ ತೆಗೆದು ಕೂರಿಸುವ ಕಬ್ಬಿಣದ ಗ್ರಿಡಲ್ ಹಲಗೆಯನ್ನು ವೆಬರ್‌ನವರೇ ಮಾರುತ್ತಾರೆ, ಅದು ಹೆಂಚಿಗಿಂತ ವಾಸಿ. ಇಬ್ಬರೇ ಹೋಗುವವರಿಗೆ, ಅಪರೂಪಕ್ಕೆ ದೋಸೆ ತಿನ್ನುವವರಿಗೆ ನಾನು ಹೇಳುವುದು ಅದನ್ನೇ. ನೀವು ಆರು ಜನ. ಒಂದೊಂದೇ ಹುಯ್ಯುತ್ತಾ ನಿಂತರೆ ಕೊನೆಯವರು ತಿನ್ನುವಾಗ ಮೊದಲನೆಯವರಿಗೆ ಮತ್ತೆ ಹಸಿವಾಗಿರುತ್ತದೆ.

ಬಿಟಿಯು ಅಂಕಿ ನೋಡಿ ಮರುಳಾಗಬೇಡಿ. ಅದು ಎಷ್ಟು ಗ್ಯಾಸ್ ಕುಡಿಯುತ್ತದೆ ಅನ್ನುವ ಲೆಕ್ಕ, ಎಷ್ಟು ಚೆನ್ನಾಗಿ ಬೇಯಿಸುತ್ತದೆ ಅನ್ನುವುದಲ್ಲ. ದೊಡ್ಡ ಹಲಗೆಗೆ ಜಾಸ್ತಿ ಬೇಕು, ಮುಚ್ಚಿದ ಡಬ್ಬಿಗೆ ಕಡಿಮೆ ಸಾಕು. ಗಾಳಿಗೆ ಬರ್ನರ್ ಎಷ್ಟು ಮೈಯೊಡ್ಡಿದೆ ಅನ್ನುವುದು ಅಂಕಿಗಿಂತ ಮುಖ್ಯ.

ನಿಮ್ಮ ಮನೆಗೆ ನನ್ನ ಸಲಹೆ ನೇರ. ಎರಡು ಬರ್ನರಿನ, 22 ಇಂಚಿನ, ಮುಚ್ಚಳ ಇರುವ ಗ್ರಿಡಲ್. 17 ಇಂಚಿನದು ಒಂದೇ ಬರ್ನರಿನದು, 12,500 ಬಿಟಿಯು, ಹಗುರ. ಆದರೆ ಅದರಲ್ಲಿ ಒಂದು ಕಡೆ ಜೋರು ಉರಿ, ಇನ್ನೊಂದು ಕಡೆ ಸಣ್ಣ ಉರಿ ಇಡಲು ಆಗುವುದಿಲ್ಲ. ಎರಡು ಬರ್ನರ್ ಇದ್ದರೆ ಎಡಗಡೆ ದೋಸೆ, ಬಲಗಡೆ ಸಣ್ಣ ಉರಿಯಲ್ಲಿ ಆಲೂಗಡ್ಡೆ ಪಲ್ಯ ಬಿಸಿಯಾಗಿ ಕೂತಿರುತ್ತದೆ. ಇದು ಸಣ್ಣ ಸುಖ ಅಲ್ಲ.

ಗ್ಯಾಸ್ ಎಷ್ಟು ಬೇಕು? ಹತ್ತು ಇಂಚಿನ ಎರಡು ದೋಸೆ ಪಕ್ಕಪಕ್ಕ ಕೂರುತ್ತವೆ. ಮೂರು ನಿಮಿಷಕ್ಕೆ ಎರಡು ಅಂದರೆ ಹದಿನೆಂಟು ದೋಸೆಗೆ ಅರ್ಧ ಗಂಟೆ. ಕಾಯಲು ಹತ್ತು ನಿಮಿಷ. ಮಧ್ಯಮ ಉರಿಯಲ್ಲಿ ಅರ್ಧ ಪೌಂಡ್ ಗ್ಯಾಸ್ ಕೂಡ ಮುಗಿಯುವುದಿಲ್ಲ. ಇಪ್ಪತ್ತು ಪೌಂಡಿನ ಒಂದು ಸಿಲಿಂಡರ್‌ನಲ್ಲಿ ನಲವತ್ತು ಬೆಳಗ್ಗೆ ದೋಸೆ ಹುಯ್ಯಬಹುದು. ಅಷ್ಟರಲ್ಲಿ ಅತ್ತೆ-ಮಾವನವರ ಪ್ರವಾಸ ಮುಗಿದಿರುತ್ತದೆ.

ಹಲಗೆ ಯಾವುದು ಅನ್ನುವಲ್ಲಿ ನಾನು ಹಠ ಮಾಡುತ್ತೇನೆ. ಬರಿಯ ಉಕ್ಕಿನದು ತಗೊಳ್ಳಿ, ನಾನ್‌ಸ್ಟಿಕ್ ಲೇಪದ್ದು ಬೇಡ. ಟೆಫ್ಲಾನ್ ಜಾತಿಯ ಲೇಪಗಳು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತವೆ. ಜೋರು ಉರಿಯ ಖಾಲಿ ಗ್ರಿಡಲ್‌ನ ನಡುಭಾಗ ಅದನ್ನು ಸುಲಭವಾಗಿ ದಾಟುತ್ತದೆ. ಉಕ್ಕನ್ನು ಪಳಗಿಸಬೇಕು, ನಿಜ. ಅದು ನಿಮ್ಮ ಅತ್ತೆಗೆ ಗೊತ್ತಿರುವ ಕೆಲಸವೇ. ಮೊದಲ ಸಲ ಸೋಪು ಹಾಕಿ ತೊಳೆದು ಕಾರ್ಖಾನೆಯ ಎಣ್ಣೆ ತೆಗೆಯಿರಿ. ಒಣಗಿಸಿ, ಜೋರು ಉರಿಯಲ್ಲಿ ಬಣ್ಣ ತಿರುಗುವವರೆಗೆ ಕಾಯಿಸಿ. ಮಾಮೂಲಿ ಅಡುಗೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ಹಾಕಿದ್ದೇ ಗೊತ್ತಾಗದಷ್ಟು ತೆಳ್ಳಗೆ ಒರೆಸಿ. ಹೊಗೆ ನಿಲ್ಲುವವರೆಗೆ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಎಣ್ಣೆ ಜಾಸ್ತಿ ಹಾಕಿದರೆ ಅಂಟಂಟಾಗಿ ಕೂರುತ್ತದೆ. ಒಂದು ಮಾತು, ಹುಣಸೆಹುಳಿ, ಟೊಮೆಟೊ ಬಿದ್ದರೆ ಪಳಗಿದ ಪದರ ಕಿತ್ತುಬರುತ್ತದೆ. ಗೊಜ್ಜು ಇದರ ಮೇಲೆ ಬೇಡ.

ದೋಸೆಗೆ ಈ ಕಾವಲಿ ಬಳಸುವಾಗ ಮೊದಲ ದಿನ ಎಲ್ಲರಿಗೂ ಒಂದೇ ಕಷ್ಟ. ಸೌಟಿನ ಜೊತೆ ಹಿಟ್ಟು ಸುತ್ತಿಕೊಂಡು ಎದ್ದು ಬರುತ್ತದೆ. ಕಾವು ಜಾಸ್ತಿಯಾಗಿದೆ ಅಂತ ಅರ್ಥ. ಹೋಟೆಲ್‌ನಲ್ಲಿ ಭಟ್ಟರು ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸುವುದು ನೋಡಿದ್ದೀರಲ್ಲ, ಅದು ಸ್ವಚ್ಛ ಮಾಡಲು ಮಾತ್ರ ಅಲ್ಲ, ಕಾವು ಇಳಿಸಲು. ನೀವೂ ಹಾಗೇ ಮಾಡಿ. ಆದರೆ ಚಿಮುಕಿಸಿ, ಸುರಿಯಬೇಡಿ. ಅವರ ಕಲ್ಲಿನಂಥ ದಪ್ಪ ಹಲಗೆ ತಡೆಯುತ್ತದೆ, ನಿಮ್ಮ ತೆಳು ಉಕ್ಕು ಸೊಟ್ಟಗಾಗಬಹುದು. ಆಮೇಲೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಒರೆಸಿ. ಬರ್ನರ್ ನೇರ ಮೇಲಿನ ಜಾಗ ಜಾಸ್ತಿ ಕಾಯುತ್ತದೆ, ಮೂಲೆಗಳು ತಣ್ಣಗಿರುತ್ತವೆ. ಎಲ್ಲಿ ಎಷ್ಟು ಅಂತ ತಿಳಿಯಲು ಹಲಗೆ ತುಂಬಾ ಬ್ರೆಡ್ ಚೂರು ಹರಡಿ ಒಂದೆರಡು ನಿಮಿಷ ಬಿಡಿ. ಕಂದು ಬಣ್ಣವೇ ನಕ್ಷೆ ಬರೆದು ಕೊಡುತ್ತದೆ.

ಟೇಬಲ್ ಮಟ್ಟವಾಗಿದೆಯಾ ನೋಡಿ. ಟ್ರೇಲರ್ ಅನ್ನು ಮಟ್ಟ ಮಾಡಲು ಎಲ್ಲರೂ ಅರ್ಧ ಗಂಟೆ ಒದ್ದಾಡುತ್ತಾರೆ, ಗ್ರಿಡಲ್ ಅನ್ನು ಓರೆ ಟೇಬಲ್ ಮೇಲೆ ಇಡುತ್ತಾರೆ. ಎಣ್ಣೆಯೆಲ್ಲ ಒಂದು ಮೂಲೆಗೆ ಹರಿದು, ಅಲ್ಲಿ ದೋಸೆ ಕರಿದಂತಾಗುತ್ತದೆ, ಇಲ್ಲಿ ಅಂಟುತ್ತದೆ. ಹಿಂದುಗಡೆ ಜಿಡ್ಡಿನ ಬಟ್ಟಲು ಇರುವ ಗ್ರಿಡಲ್‌ಗೆ ಹಿಂದಕ್ಕೆ ಕೂದಲೆಳೆಯಷ್ಟು ಇಳಿಜಾರು ಇದ್ದರೆ ಒಳ್ಳೆಯದು, ಅಷ್ಟೇ. ಕಾಲಿನ ಕೆಳಗೆ ಮಡಚಿದ ರಟ್ಟು ಇಡಬೇಡಿ, ಬಿಸಿಯಾಗುತ್ತದೆ. ಟೇಬಲ್ಲಿನ ಕಾಲಿನ ಕೆಳಗೆ ಹಲಗೆ ಚೂರು ಇಡಿ.

ಇನ್ನು ಅತ್ತೆ ಮತ್ತು ಚಿಕನ್. ಇದು ಒಲೆಗಿಂತ ಸೂಕ್ಷ್ಮ ವಿಷಯ. ಉಕ್ಕಿನ ಕಾವಲಿ ಜಿಡ್ಡನ್ನು ಒಳಗೆ ಹಿಡಿದುಕೊಂಡೇ ಪಳಗುವುದು. ಎಷ್ಟು ಉಜ್ಜಿದರೂ 'ತೊಳೆದಿದ್ದೇನೆ ಅತ್ತೆ' ಅನ್ನುವ ಮಾತಿಗೆ ಅವರು ತಲೆಯಾಡಿಸಬಹುದು, ಆದರೆ ಆ ದಿನ ಬಾಳೆಹಣ್ಣು ತಿಂದು ಮಲಗುತ್ತಾರೆ. ನಮ್ಮ ತಾಯಿ ಬಂದಾಗ ಹಾಗೇ ಆಯಿತು. ಹಾಗಾಗಿ ಗ್ರಿಡಲ್ ಶುದ್ಧ ಸಸ್ಯಾಹಾರಿ ಅಂತ ಮೊದಲ ದಿನವೇ ಹೇಳಿಬಿಡಿ. ಚಿಕನ್‌ಗೆ ಇನ್ನೊಂದು ಗ್ರಿಲ್ ಕೊಳ್ಳಬೇಕಿಲ್ಲ. ಸಾರ್ವಜನಿಕ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹೆಚ್ಚಿನ ಕಡೆ ಬೆಂಕಿಗುಂಡಿ ಇರುತ್ತದೆ, ಅದರ ಮೇಲೆ ಕಂಬಿ ಇರುತ್ತದೆ. ನಿಮ್ಮ ಮನೆಯವರು ಅಲ್ಲಿ ಇದ್ದಿಲು ಹಾಕಿ ಸುಟ್ಟುಕೊಳ್ಳಲಿ. ಕೆಂಡದ ರುಚಿ ಪ್ರೊಪೇನ್‌ಗೆ ಬರುವುದೂ ಇಲ್ಲ. ಹಿಂದಿನವರು ಏನು ಸುಟ್ಟಿದ್ದರೋ, ಫಾಯಿಲ್ ಹಾಸಿಕೊಂಡರೆ ಒಳ್ಳೆಯದು.

ಒಂದು ತೊಡಕು ಇದೆ. ಬೇಸಿಗೆಯಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಕಾಡು ಒಣಗಿದಾಗ ಬೆಂಕಿ ನಿರ್ಬಂಧ ಬರುತ್ತದೆ. ಆಗ ಸೌದೆ, ಇದ್ದಿಲಿಗೆ ಮೊದಲು ಕತ್ತರಿ. ನಾಬ್ ತಿರುಗಿಸಿ ತಕ್ಷಣ ಆರಿಸಬಹುದಾದ ಪ್ರೊಪೇನ್ ಒಲೆಗೆ ಸಾಮಾನ್ಯವಾಗಿ ಅನುಮತಿ ಉಳಿದಿರುತ್ತದೆ. ಹೊರಡುವ ಹಿಂದಿನ ದಿನ ಆ ಪಾರ್ಕ್‌ನ ಪುಟ ನೋಡಿ. ನಿರ್ಬಂಧ ಇದ್ದರೆ ಚಿಕನ್ ಟ್ರೇಲರ್ ಒಳಗಿನ ಒಲೆಯಲ್ಲಿ, ಬೇರೆ ಬಾಣಲೆಯಲ್ಲಿ ಆಗಲಿ.

ಯೆಲ್ಲೋಸ್ಟೋನ್‌ಗೆ ಹೋಗುತ್ತಿದ್ದೀರಿ ಅಂದಮೇಲೆ ಕರಡಿಯ ಮಾತು ಬಿಡುವ ಹಾಗಿಲ್ಲ. ಅಲ್ಲಿನ ನಿಯಮದಲ್ಲಿ ಊಟ-ತಿಂಡಿ ಮಾತ್ರ ಅಲ್ಲ, ಒಲೆ, ಗ್ರಿಲ್, ಪಾತ್ರೆ, ಕೂಲರ್ ಎಲ್ಲವೂ, ತೊಳೆದಿದ್ದರೂ, ಬಳಸದಾಗ ಗಟ್ಟಿ ಗೋಡೆಯ ವಾಹನದೊಳಗೋ, ಕರಡಿಗೆ ತೆರೆಯಲಾಗದ ಪೆಟ್ಟಿಗೆಯೊಳಗೋ ಇರಬೇಕು. ಪಳಗಿದ ಕಾವಲಿ ಅಂದರೆ ಕರಡಿಯ ಮೂಗಿಗೆ ಮದುವೆ ಮನೆ. ಬಿಸಿ ಕಾವಲಿ ಬೇಗ ತಣಿಯುವುದಿಲ್ಲ. ಕತ್ತಲಾದ ಮೇಲೆ ಅಡುಗೆ ಮುಗಿಸಿದರೆ ಅದು ತಣ್ಣಗಾಗುವವರೆಗೆ ನೀವು ಕಾವಲು ಕೂರಬೇಕು. ಹಾಗಾಗಿ ಗ್ರಿಡಲ್ ಬೆಳಗಿನ ಒಲೆ ಅಂತ ಇಟ್ಟುಕೊಳ್ಳಿ. ಎತ್ತಿ ಒಳಗಿಡಲು ಗಟ್ಟಿ ಚೀಲವೂ ತಗೊಳ್ಳಿ. ತೂಕದ ವಿಷಯ ಇಲ್ಲೇ ಬರುತ್ತದೆ. ವೆಬರ್ ಟ್ರಾವೆಲರ್ ಥರದ ಚಕ್ರದ ಗ್ರಿಲ್ ತುಂಬಾ ಚೆಂದ, ನಿಂತೇ ಅಡುಗೆ ಮಾಡಬಹುದು, ಆದರೆ ಐವತ್ತು ಪೌಂಡಿನ ಹತ್ತಿರ. ಪ್ರತಿ ರಾತ್ರಿ ಅದನ್ನು ಮೆಟ್ಟಿಲು ಹತ್ತಿಸುವವರು ಯಾರು?

ಎತ್ತರವೂ ಒಂದು ಲೆಕ್ಕ. ಯೆಲ್ಲೋಸ್ಟೋನ್‌ನ ಕ್ಯಾನ್ಯನ್, ಬ್ರಿಡ್ಜ್ ಬೇ ಕ್ಯಾಂಪ್‌ಗ್ರೌಂಡ್‌ಗಳು ಎಂಟು ಸಾವಿರ ಅಡಿಯ ಹತ್ತಿರ ಇವೆ. ಗಾಳಿ ತೆಳುವಾದ್ದರಿಂದ ಬರ್ನರ್‌ನ ಬಲ ಕಡಿಮೆಯಾಗುತ್ತದೆ. ಆಸ್ಟಿನ್‌ನಲ್ಲಿ ಹತ್ತು ನಿಮಿಷಕ್ಕೆ ಕಾದ ಕಾವಲಿ ಅಲ್ಲಿ ಹದಿನೈದು ತಗೊಳ್ಳಬಹುದು. ದೋಸೆಗೆ ಅಷ್ಟೇ ತೊಂದರೆ. ನೀರು ಮಾತ್ರ 92 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ ಅನ್ನಿ. ಕುಕ್ಕರ್ ಮರೆಯಬೇಡಿ. ಇಡ್ಲಿಗೆ ಐದಾರು ನಿಮಿಷ ಜಾಸ್ತಿ ಕೊಡಿ. ಜೂನ್‌ನಲ್ಲೂ ರಾತ್ರಿ ಹಿಮಗಟ್ಟುವ ಚಳಿ ಬರುತ್ತದೆ. ಪ್ರೊಪೇನ್‌ಗೆ ಅದೇನೂ ಅಲ್ಲ, ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಆವಿಯಾಗುತ್ತದೆ. ಬ್ಯೂಟೇನ್ ಡಬ್ಬಿಯ ಒಲೆಗಳು ಸೊನ್ನೆಯ ಹತ್ತಿರವೇ ಕೈಕೊಡುತ್ತವೆ. ಏಷ್ಯನ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆ ಒಲೆ ನಿಮ್ಮ ಮನೆಯಲ್ಲಿದ್ದರೆ ಈ ಪ್ರವಾಸಕ್ಕೆ ಮನೆಯಲ್ಲೇ ಬಿಡಿ.

ಗಾಳಿಗೆ ನಾನು ಮಾಡುವುದು ಹೀಗೆ. ಹಿಂದಕ್ಕೆ ತೆರೆಯುವ ಮುಚ್ಚಳದ ಬೆನ್ನನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸುತ್ತೇನೆ. ಮುಚ್ಚಳವೇ ಗೋಡೆಯಾಗುತ್ತದೆ. ಪಕ್ಕಗಳಿಗೆ ಸಿಕ್ಕಿಸುವ ತಗಡು ಸಿಗುತ್ತದೆ, ಹಾಕಿ. ನಾಲ್ಕೂ ಕಡೆ ಮುಚ್ಚಬೇಡಿ, ಬರ್ನರ್‌ಗೂ ಉಸಿರು ಬೇಕು. ಸಿಲಿಂಡರ್ ಸುತ್ತ ಏನೂ ಕಟ್ಟಬೇಡಿ.

ಮಳೆ ಬಂತು ಅಂತ ಗ್ರಿಡಲ್ ಅನ್ನು ಟ್ರೇಲರ್ ಒಳಗೋ ಟೆಂಟ್ ಒಳಗೋ ತಂದು ಹಚ್ಚುವುದು ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಟ್ರೇಲರ್ ಪಕ್ಕಕ್ಕೆ ಚಪ್ಪರದಂತೆ ಚಾಚುವ ಆನಿಂಗ್ ಬಟ್ಟೆಯ ಕೆಳಗೂ ಬೇಡ. ನಾನು ಟ್ರೇಲರ್ ಗೋಡೆಯಿಂದ ಹತ್ತು ಅಡಿ ದೂರ ಇಡುತ್ತೇನೆ. ಪಕ್ಕದ ಜೋಡಣೆಯ ಪೈಪ್ ಕೊಳ್ಳುವುದಾದರೆ ಅಷ್ಟು ಉದ್ದದ್ದೇ ಕೊಳ್ಳಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಟ್ರೇಲರ್ ಒಳಗೆ ಗ್ಯಾಸ್ ಅಲಾರಂ ಅನ್ನು ಕಾಲ ಹತ್ತಿರ ಹಾಕಿರುವುದು ಅದಕ್ಕೇ. ಹಳೇ ಟ್ರೇಲರ್ ಅಂದಿರಿ. ಆ ಅಲಾರಂಗೆ ಆಯಸ್ಸು ಇರುತ್ತದೆ, ತಾರೀಕು ಹಿಂದೆ ಬರೆದಿರುತ್ತದೆ. ಮುಗಿದಿದ್ದರೆ ಗ್ರಿಡಲ್‌ಗಿಂತ ಮೊದಲು ಅದನ್ನು ಕೊಳ್ಳಿ. ಪ್ರತಿ ಸಲ ಪೈಪ್ ಸಿಕ್ಕಿಸಿದಾಗ ಪಾತ್ರೆ ಸೋಪಿನ ನೀರನ್ನು ಜೋಡಣೆಗೆ ಹಚ್ಚಿ. ಗುಳ್ಳೆ ಎದ್ದರೆ ಮುಚ್ಚಿ, ಬಿಗಿ ಮಾಡಿ, ಮತ್ತೆ ನೋಡಿ. ಗಾಡಿ ಓಡುವಾಗ ಸಿಲಿಂಡರ್ ಮುಚ್ಚಿರಲಿ, ನೆಟ್ಟಗೆ ನಿಂತಿರಲಿ.

ಹೊರಡುವ ಮೊದಲು ಒಂದು ಶನಿವಾರ ಮನೆಯ ಮುಂದೆಯೇ ಎಲ್ಲ ಜೋಡಿಸಿ ಎರಡು ದೋಸೆ ಹುಯ್ದು ನೋಡಿ. ಯಾವ ಅಡಾಪ್ಟರ್ ಹೊಂದುವುದಿಲ್ಲ ಅನ್ನುವುದು ಆಸ್ಟಿನ್‌ನಲ್ಲಿ ಗೊತ್ತಾದರೆ ಅಂಗಡಿ ಹತ್ತಿರ ಇದೆ. ವಯೋಮಿಂಗ್‌ನಲ್ಲಿ ಗೊತ್ತಾದರೆ ನೂರು ಮೈಲಿ.

ಕೊನೆಗೆ ಹಿಟ್ಟು. ಆಸ್ಟಿನ್‌ನಿಂದ ಹೊರಡುವಾಗ ಹುಳಿ ಬಂದ ಹಿಟ್ಟು ಬೇಡ. ರುಬ್ಬಿದ ತಕ್ಷಣ ಫ್ರಿಜ್‌ಗೆ ಹಾಕಿ, ಬೇಕಾದ ಹಿಂದಿನ ರಾತ್ರಿ ಒಂದು ಪಾಲನ್ನು ಮಾತ್ರ ಹೊರಗೆ ತೆಗೆಯಿರಿ. ಬೆಟ್ಟದ ಚಳಿಯಲ್ಲಿ ಉಬ್ಬದಿದ್ದರೆ ಕಂಬಳಿ ಸುತ್ತಿ, ಹೀಟರ್ ಗಾಳಿ ಬರುವ ಕಡೆ ಇಡಿ. ಡಬ್ಬಿ ಅರ್ಧ ಮಾತ್ರ ತುಂಬಿ. ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಡಬ್ಬಿಯ ಒಳಗಿನ ಗಾಳಿ ಹಿಗ್ಗುತ್ತದೆ, ಚಿಪ್ಸ್ ಪ್ಯಾಕೆಟ್ ಬಲೂನಿನಂತೆ ಊದುವುದು ಅದಕ್ಕೇ. ದಾರಿಯಲ್ಲಿ ನಿಂತಾಗೆಲ್ಲ ಮುಚ್ಚಳ ಒಮ್ಮೆ ಎತ್ತಿ ಗಾಳಿ ಬಿಡಿ. ನಾವೊಮ್ಮೆ ಬಿಗಿ ಮುಚ್ಚಳದ ಡಬ್ಬಿ ಇಟ್ಟುಕೊಂಡು ಕೊಲೊರಾಡೊದ ಬೆಟ್ಟದಾರಿ ವುಲ್ಫ್ ಕ್ರೀಕ್ ಪಾಸ್ ಹತ್ತಿದೆವು, 10,800 ಅಡಿಗೂ ಮೇಲೆ. ತುದಿಯಲ್ಲಿ ನಿಲ್ಲಿಸಿ ಫ್ರಿಜ್ ತೆರೆದರೆ ಮುಚ್ಚಳ ಒಂದು ಕಡೆ, ಹಿಟ್ಟು ಎಲ್ಲ ಕಡೆ. ಉಪ್ಪಿನಕಾಯಿ ಬಾಟಲಿಯ ಕುತ್ತಿಗೆ ಮಾತ್ರ ಕಾಣುತ್ತಿತ್ತು.